ನಡು ಸವೆದ ಟೈರುಗಳು

ಟೈರ್ ಅಂಗಡಿ, ಮೇಲಿನ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಕನ್ನಡಕದ ಮುರಿದ ಕಡ್ಡಿಯನ್ನು ಅಣ್ಣ ಸರಿ ಮಾಡಿಸಿಕೊಟ್ಟನೇ, ಇಲ್ಲಾ ಇನ್ನೂ ದಾರ ಕಟ್ಟಿಕೊಂಡೇ ಪೇಪರ್ ಓದುತ್ತಿದ್ದೀರಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನ್ ಮಾಡಿದಾಗಲೆಲ್ಲ ನೀವು ಎರಡು ಮಾತಾಡಿ, ‘ಇರು, ಅಣ್ಣಂಗೆ ಕೊಡ್ತೀನಿ’ ಅಂದುಬಿಡುತ್ತೀರಿ. ಅಣ್ಣನ ಹತ್ತಿರ ನನಗೇನು ಮಾತು? ಅದಕ್ಕೇ ಈ ಕಾಗದ. ದಯವಿಟ್ಟು ಇದನ್ನೂ ಅವನ ಕೈಗೆ ಕೊಡಬೇಡಿ.

ಶನಿವಾರ ಅವನು ಮಹಾರಾಣಿಯನ್ನು ಕರೆದುಕೊಂಡು ಬಂದಿದ್ದ. ಮಹಾರಾಣಿ ಅಂದರೆ ಅವನ ಆ ದೊಡ್ಡ ಬಿಳಿ ಕಾರು, ನಾನಿಟ್ಟ ಹೆಸರು. ನಮ್ಮ ಅಂಗಡಿಯ ಮುಂದೆ ಅದು ನಿಂತರೆ ಬೇರೆಯವರಿಗೆ ಕಾಲಿಡಲೂ ಜಾಗವಿಲ್ಲ. ಪಂಕ್ಚರ್ ಹಾಕಿಸಲು ಬಂದ ಹಾಲಿನವನು ಸ್ಕೂಟರ್ ತಳ್ಳಿಕೊಂಡು ವಾಪಸ್ ಹೋದ. ಬಾಗಿಲು ತೆಗೆದರೆ ಮೆಟ್ಟಿಲು ತಾನಾಗಿಯೇ ಕೆಳಗಿಳಿಯುತ್ತದೆ, ನಿಮ್ಮ ಮಂಡಿಗೆ ಅನುಕೂಲವಂತೆ. ಆಗಲಿ, ಸಂತೋಷ. ಆದರೆ ಮುಂದಿನ ಸೀಟಿನ ಮೇಲೆ ನಿಮ್ಮ ಬೂದು ಸ್ವೆಟರ್ ಇತ್ತಲ್ಲ ಅಪ್ಪಾ, ಅದನ್ನು ನೋಡಿದ್ದೇ ತಡ ನನಗೆ ಮೈಯೆಲ್ಲ ಉರಿಯಿತು. ಅದು ನಾನು ಹೆಣೆದದ್ದು. ಇಲ್ಲಿದ್ದಾಗ ‘ಚುಚ್ಚುತ್ತೆ ಕಣೇ’ ಅಂತ ಒಂದು ದಿನವೂ ಹಾಕಿಕೊಳ್ಳಲಿಲ್ಲ. ಮಹಾರಾಣಿಯ ಸೀಟಿನಲ್ಲಿ ಕೂತರೆ ಚುಚ್ಚುವುದಿಲ್ಲವೇನು? ಹೌದು, ಇದು ಹೊಟ್ಟೆಕಿಚ್ಚೇ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ?

ಇನ್ನು ಟೈರಿನ ವಿಷಯ. ನಾಲ್ಕೂ ಸವೆದುಹೋಗಿವೆ, ಕೊಂಡು ವರ್ಷವೂ ಆಗಿಲ್ಲ, ಕಂಪನಿಯೇ ಸರಿಯಿಲ್ಲ ಅಂತ ಅಣ್ಣ ಬಂದ ಕೂಡಲೇ ರಾಗ ತೆಗೆದ. ನಾನು ಬಗ್ಗಿ ನೋಡಿದೆ. ನಡುಭಾಗ ಬೋಳು, ಎರಡೂ ಅಂಚಿನಲ್ಲಿ ಗೀರುಗಳು ಹೊಸದರಂತೆ ಆಳವಾಗಿವೆ. ಕಂಪನಿಯದ್ದೇನೂ ತಪ್ಪಿಲ್ಲ, ಗಾಳಿ ಜಾಸ್ತಿಯಾಗಿ ಟೈರು ಹೊಟ್ಟೆ ಉಬ್ಬಿಸಿಕೊಂಡು ನಡುವಿನ ಮೇಲೇ ಓಡಿದೆ. ಅದಿರಲಿ, ಹೊಸದು ಯಾವುದು ಹಾಕೋಣ ಅಂದರೆ ಅವನಿಗೆ ಕಾಡು, ಕೆಸರಿನಲ್ಲಿ ಓಡಿಸುವ ದಪ್ಪ ಗಡ್ಡೆಗಡ್ಡೆ ಟೈರೇ ಬೇಕಂತೆ. ಎಲಾ ಇವನ! ಡಾಂಬರು ಬಿಟ್ಟು ಚಕ್ರ ಕೆಳಗಿಳಿದದ್ದು ಯಾವತ್ತು ಅಂತ ಕೇಳಿದೆ. ಅತ್ತಿಗೆಯ ಆಫೀಸಿನ ಪಾರ್ಕಿಂಗಿನಲ್ಲಿ ಒಮ್ಮೆ ಮರಳಿತ್ತಂತೆ. ನಗು ತಡೆಯಲಾಗಲಿಲ್ಲ. ಅಂಥವು ಹಾಕಿದರೆ ಕಾರಿನೊಳಗೆ ದಿನವಿಡೀ ಗುಂಯ್ ಅನ್ನುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಮುಂದೆ ಜಾರುತ್ತದೆ, ಪಕ್ಕದಲ್ಲಿ ಕೂತಿರುವವರು ನನ್ನ ಅಪ್ಪ ಅಂತ ಹೇಳಿ ಬಾಯಿ ಮುಚ್ಚಿಸಿದೆ. ಹಾಗಾದರೆ ಮುಂದಿನ ಎರಡು ಮಾತ್ರ ಬದಲಾಯಿಸು ಅಂದ. ನಾಲ್ಕು ಚಕ್ರವೂ ಎಳೆಯುವ ಗಾಡಿ ಅದು. ಎರಡು ಹೊಸದು ಎರಡು ಬೋಳು ಹಾಕಿದರೆ ಒಂದು ಜೋಡಿ ಇನ್ನೊಂದನ್ನು ಜಗ್ಗಾಡಿ ಒಳಗಿನ ಗೇರು ಹಾಳಾಗುತ್ತದೆ. ನೀವು ಹೇಳಿಕೊಟ್ಟ ಮಾತನ್ನೇ ಅವನಿಗೆ ಒಪ್ಪಿಸಿದೆ. ಅಷ್ಟು ಭಾರ ಹೊರುತ್ತದೆ ಅಂತ ಪಕ್ಕದಲ್ಲಿ ಅಂಕಿ ಅಚ್ಚಾಗಿರುವುದನ್ನೇ ಹುಡುಕಿ, ಸದ್ದಿಲ್ಲದ ರಸ್ತೆ ಟೈರು ನಾಲ್ಕೂ ಹಾಕಿಕೊಟ್ಟಿದ್ದೇನೆ. ನಿಮಗೆ ಕಾರಿನಲ್ಲಿ ತೂಕಡಿಸುವ ಅಭ್ಯಾಸವಲ್ಲವೇ?

ಎಲ್ಲ ಮುಗಿದ ಮೇಲೆ, ಇಷ್ಟು ಗಾಳಿ ತುಂಬುವ ಬುದ್ಧಿವಂತ ಯಾರೋ ಅಂತ ಕೇಳಿದೆ. ಚೆನ್ನಾಗಿ ಬೈಯಬೇಕು ಅಂತ ನಾಲಿಗೆ ತುದಿಯಲ್ಲೇ ಇತ್ತು. ಅಣ್ಣ ಹೆಮ್ಮೆಯಿಂದ, ‘ಅಪ್ಪಾನೇ. ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ಅವರೇ ತುಂಬ್ತಾರೆ. ನನ್ನನ್ನ ಮುಟ್ಟೋಕೂ ಬಿಡಲ್ಲ’ ಅಂದ. ಗಾಳಿಯ ಪುಟ್ಟ ಮೆಷಿನ್ ಕೂಡ ತರಿಸಿಕೊಂಡಿದ್ದೀರಂತೆ. ಅಪ್ಪಾ, ನನ್ನ ಸ್ಕೂಟರಿಗೆ ಒಂದು ಸಲ ಗಾಳಿ ತುಂಬಿದ್ದೀರಾ? ‘ಕೈ ಇದೆಯಲ್ಲ, ನೀನೇ ತುಂಬ್ಕೋ’ ಅನ್ನುತ್ತಿದ್ದಿರಿ. ಅಂಗಡಿ ನೋಡಿಕೊಂಡದ್ದು ನಾನು, ಕೈಯೆಲ್ಲ ಮಸಿ ಮಾಡಿಕೊಂಡದ್ದು ನಾನು, ಭಾನುವಾರದ ಸೇವೆ ಮಾತ್ರ ಮಹಾರಾಣಿಗೆ! ಸಾಲದ್ದಕ್ಕೆ ನಮ್ಮಂಗಡಿಯ ಗಾಳಿ ಅಳೆಯುವ ಹಳೆಯ ಹಿತ್ತಾಳೆ ಗೇಜೂ ಅಲ್ಲೇ ಇದೆಯಂತೆ. ಗೋಡೆಯ ಮೊಳೆ ಖಾಲಿ ಕಂಡು ನಾನು ಗಿರಾಕಿಗಳನ್ನೆಲ್ಲ ಅನುಮಾನಿಸಿದ್ದೆ. ಒಮ್ಮೆ ಕೆಳಗೆ ಬಿದ್ದ ಮೇಲೆ ಅದು ಇರುವುದಕ್ಕಿಂತ ಆರು ಕಮ್ಮಿ ತೋರಿಸುತ್ತಿತ್ತಲ್ಲ, ನೆನಪಿದೆಯೇ? ‘ಮೂವತ್ತಾರು ಬೇಕಾ, ಮುಳ್ಳು ಮೂವತ್ತಕ್ಕೆ ಬಂದಾಗ ನಿಲ್ಲಿಸು. ಇದು ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಕು’ ಅಂತ ನೀವು ನನಗೆ ಹೇಳಿಕೊಟ್ಟದ್ದು. ಆ ಸುಳ್ಳುಬುರುಕ ಗೇಜಿನ ಗುಟ್ಟು ನಮ್ಮಿಬ್ಬರದೇ ಅಂತ ನಾನು ಎಷ್ಟು ಬೀಗಿದ್ದೆ! ಅದನ್ನೂ ಜೇಬಿಗೆ ಹಾಕಿಕೊಂಡು ಅಣ್ಣನ ಮನೆ ಸೇರಿಬಿಟ್ಟಿರಿ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಹೊರಡುವಾಗ ಅಣ್ಣ ನಗುನಗುತ್ತಾ ಇನ್ನೊಂದು ಹೇಳಿದ. ‘ಅಪ್ಪ ಈಗ ನಿನ್ನ ಅತ್ತಿಗೇನೇ ಚಂಡಿ ಅಂತ ಕರೀತಾರೆ ಗೊತ್ತಾ? ಚಂಡಿ, ಟೀ ಕೊಡೇ, ಅಂತ. ಅವಳಿಗೂ ಖುಷಿ.’ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು, ಬಿತ್ತೋ, ಎಸೆದೆನೋ. ಮಗಳು ಹಟಮಾರಿ ಅಂತ ನೀವು ಇಟ್ಟ ಹೆಸರು ಅದು. ಅಷ್ಟು ಹಟ ಮಾಡಿ ನಾನು ಸಂಪಾದಿಸಿದ ಹೆಸರು! ಮೃದುವಾಗಿ ಮಾತಾಡುವ, ಒಂದು ದಿನವೂ ಎದುರುತ್ತರ ಕೊಡದ ಆ ಅತ್ತಿಗೆ ಯಾವ ಲೆಕ್ಕದಲ್ಲಿ ಚಂಡಿಯಾದಳು? ಕಾರು ಅವನದಾಗಲಿ, ಭಾನುವಾರ ಅವನದಾಗಲಿ, ನನ್ನ ಹೆಸರನ್ನೂ ಕೊಟ್ಟುಬಿಟ್ಟರೆ ಇಲ್ಲಿ ನನ್ನ ಪಾಲಿಗೆ ಏನುಳಿಯಿತು? ಮೂರು ದಿನದಿಂದ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ನಿಮ್ಮ ಅಳಿಯ ಎರಡು ಸಲ ಕೇಳಿ, ಮೂರನೆಯ ಸಲ ಕೇಳುವ ಧೈರ್ಯ ಮಾಡಲಿಲ್ಲ.

ಸಾಕು, ಬೈದು ಬೈದು ಕೈ ನೋಯುತ್ತಿದೆ. ಮಾತ್ರೆ ತಪ್ಪಿಸಬೇಡಿ. ಅಣ್ಣನ ಮಕ್ಕಳಿಗೆ ನನ್ನ ಮುದ್ದು. ಅತ್ತಿಗೆಗೂ ಕೇಳಿದೆ ಅಂತ ಹೇಳಿ. ನಾನು ಅಷ್ಟೇನೂ ಕೆಟ್ಟವಳಲ್ಲ. ನಿಮ್ಮ ಆಶೀರ್ವಾದ ಪೂರ್ತಿ ನನಗೇ ಇರಲಿ, ಅಣ್ಣನಿಗೆ ಬೇಕಾದರೆ ಉಳಿದದ್ದು ಕೊಡಿ.

ಇಂತಿ ನಿಮ್ಮ ಅಸಲಿ
ಚಂಡಿ

ಮರೆತಿದ್ದೆ: ಲಕೋಟೆ ಅಂಟಿಸಿ ಕೆಳಗಿಳಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಗಡಿಯ ಮೂಲೆಯಲ್ಲಿ ಮಹಾರಾಣಿಯ ಹಳೆಯ ಟೈರುಗಳಿವೆ. ಆ ಬೋಳು ನಡುವಿನ ಮೇಲೆ ಸುಮ್ಮನೆ ಕೈಯಾಡಿಸಿದೆ, ಆಗ ಲೆಕ್ಕ ಹೊಳೆಯಿತು. ಗೇಜಿನ ಮುಳ್ಳು ಮೂವತ್ತಾರಕ್ಕೆ ಬರುವವರೆಗೂ ನೀವು ತುಂಬಿದ್ದೀರಿ. ಆರು ಕಳೆಯುವುದನ್ನು ಮರೆತಿದ್ದೀರಿ, ಒಂದು ಭಾನುವಾರವಲ್ಲ, ಎಲ್ಲ ಭಾನುವಾರವೂ. ಅತ್ತಿಗೆಯನ್ನು ಚಂಡಿ ಅನ್ನುವುದೂ ತಮಾಷೆಯಲ್ಲ, ಅಲ್ಲವೇ ಅಪ್ಪಾ? ಅವಳೇ ನಾನು ಅಂದುಕೊಂಡು ಕರೆಯುತ್ತಿದ್ದೀರಿ. ಅಣ್ಣನಿಗೆ ಇದು ಗೊತ್ತಾಗಿಲ್ಲ. ಗೇಜಿನ ವಿಷಯ ಗೊತ್ತಿದ್ದರಲ್ಲವೇ ಗೊತ್ತಾಗುವುದು. ಈ ಭಾನುವಾರ ಬೆಳಿಗ್ಗೆ ನಾನು ಬರುತ್ತಿದ್ದೇನೆ. ಅಲ್ಲಿಯವರೆಗೆ ಗಾಳಿಗೆ ಕೈ ಹಾಕಬೇಡಿ. ಆಮೇಲೆ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ ಬರೋಣ, ಹೆದರಬೇಡಿ, ನಾನೂ ಹೆದರುವುದಿಲ್ಲ. ಪೈಪು ನೀವೇ ಹಿಡಿಯಿರಿ, ಕಳೆಯುವ ಲೆಕ್ಕ ನನಗೆ ಬಿಡಿ. ಬಾಗಿಲಲ್ಲಿ ನಿಂತವಳು ಯಾರು ಅಂತ ತಿಳಿಯದಿದ್ದರೂ ಪರವಾಗಿಲ್ಲ. ‘ಚಂಡಿ’ ಅಂತ ಒಂದು ಸಲ ಕರೆಯಿರಿ ಸಾಕು. ಅತ್ತಿಗೆಗಿಂತ ಮೊದಲು ನಾನೇ ಓ ಅನ್ನುತ್ತೇನೆ.