ಬಾಗಿನಕ್ಕೆ ಎಪ್ಪತ್ತು ಅಂಕ

ಆಗಸ್ಟ್ ಮೂವತ್ತೆರಡು, ೨೧೯೩

ಸುಮತಿ ಮಹಿಳಾ ಸಮಾಜದ ಕಾರ್ಯದರ್ಶಿ ಶ್ರೀಮತಿ ಪದ್ಮಲತಾ ಅವರಿಗೆ, ಅದೇ ಸಮಾಜದ ಹದಿನೆಂಟನೇ ಅಧ್ಯಕ್ಷೆ ವಾರಿಜಾ ಮಾಡುವ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ನಿಯಮಗಳ ಹಾಗೆ ತಿಂಗಳುಗಳೂ ಉದ್ದವಾಗಿವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಅದನ್ನು ನಿಮ್ಮ ನಡಾವಳಿ ಪುಸ್ತಕದಿಂದಲೇ ಕಲಿತೆ.

ತಲೆಮಾರುಗಳ ಹಿಂದಿನ ಆ ಪುಸ್ತಕ ನನ್ನ ಮುಂದಿದೆ; ಈ ಪತ್ರ ಹಿಂದಕ್ಕೆ, ನಿಮ್ಮ ಕಾಲಕ್ಕೆ ಬರುತ್ತಿದೆ. ನಿಮಗೆ ನಾಳೆ ಗೌರಿಹಬ್ಬ. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕುತ್ತಿರುವ ಮಧುಮತಿ, ಆರು ವರ್ಷದಿಂದ ನಿಮಗೆಲ್ಲ ಹೊಲಿಗೆ ಕಲಿಸುತ್ತಿರುವವರು, ನಾಳೆ ಮೊದಲ ಸಲ ಬಾಗಿನದ ಮೊರ ಹಿಡಿದು ಬರುತ್ತಾರೆ. ಆಗ ನೀವು ಆಡುವ ಮಾತು ಇಲ್ಲಿ ದಾಖಲಾಗಿದೆ: “ಹೊಲಿಗೆ ಕಲಿಸ್ಲಿ ಕಣ್ರೀ, ಬೇಡ ಅಂದೋರ್ಯಾರು? ಬಾಗಿನ ಮಾತ್ರ ಹೆಂಗಸರ ಕೈಯಿಂದ್ಲೇ ತಗೋಬೇಕಲ್ವಾ?” ಸಭೆ ನಕ್ಕಿತೆಂದೂ ಇದೆ. ಅವರು ಹೊಲಿದ ರವಿಕೆಗಳು ತುಸು ಬಿಗಿಯಾಗಿದ್ದರೆ ಆ ನಗು ಹೊರಬರುತ್ತಿರಲಿಲ್ಲ.

ಅಂದೇ ಏಳನೇ ನಿಯಮ ಹುಟ್ಟುತ್ತದೆ: ಸದಸ್ಯೆ ಹೆಣ್ಣೆಂದು ಸಾಬೀತಾಗಬೇಕು. ನಿಯಮದ ಹೊಟ್ಟೆಯಲ್ಲೇ ಯಮ ಕೂತಿರುತ್ತಾನೆ, ಮೇಡಂ. ಒಬ್ಬರಲ್ಲಿ ಕೇಳಿದ ಪುರಾವೆ ಎಲ್ಲರ ಬೆನ್ನು ಹತ್ತಿತು. ದಪ್ಪ ದನಿಯ ಸದಸ್ಯೆ ಕುಮುದಿನಿಗೆ ಡಾಕ್ಟರ ಚೀಟಿ ತರಲು ಹೇಳಿದರು. ತುಟಿಯ ಮೇಲೆ ನಾಲ್ಕು ಕೂದಲಿದ್ದ ಪ್ರಮೀಳಾ ತಾವಾಗಿಯೇ ಬರುವುದು ಬಿಟ್ಟರು. ಈಗ ನಮ್ಮ ಬಾಗಿಲಲ್ಲಿ ‘ಹೆಣ್ಣಳತೆ’ ನಿಂತಿದೆ. ದಾಟುವವರ ರಕ್ತ, ಗರ್ಭ, ದನಿ ಅಳೆದು ಅಂಕ ಕೊಡುವ ಚೌಕಟ್ಟು ಅದು. ಎಪ್ಪತ್ತಕ್ಕೆ ಕಡಿಮೆಯಾದರೆ ಬಾಗಿಲು ತೆರೆಯದು. ಬಳೆ ಬಿಚ್ಚಿಟ್ಟು, ಬೆರಳು ಚುಚ್ಚಿಸಿಕೊಂಡು, “ಆ” ಎಂದು ರಾಗ ಎಳೆಯುವುದೇ ನಮ್ಮ ಭಜನೆ. ಮಹಿಳಾ ಸಮಾಜದಲ್ಲಿ ಸಮಾಜ ಉಳಿದಿಲ್ಲ. ಮಹಿಳೆ ಉಳಿದಿದ್ದಾಳೆ, ಒಬ್ಬಳೇ, ನಾನು.

ಹೋದ ವರ್ಷ ಅಮ್ಮ ಬಾಗಿನ ತಂದಿದ್ದಳು. ಗರ್ಭಕೋಶ ತೆಗೆಸಿದ ಮೇಲೆ ಅವಳಿಗೆ ಬಂದದ್ದು ಅರವತ್ತೆರಡು. “ನಿನ್ನ ಹೆತ್ತಿದ್ದಕ್ಕೆ ಎಂಟು ಸೇರಿಸ್ಕೊಳ್ಳೇ” ಎಂದು ಗಾಜಿನಾಚೆಯಿಂದ ನಕ್ಕಳು. ಅಧ್ಯಕ್ಷೆಯಾದ ನಾನು ನಿಯಮ ಓದಿ ಹೇಳಿದೆ. ಅವಳು ಮೊರವನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಈಗ ಮನೆಗೆ ಕರೆದರೂ, “ಅಲ್ಲೆಷ್ಟು ಅಂಕ ಬೇಕೇ?” ಎನ್ನುತ್ತಾಳೆ.

ಇಂದು ನನ್ನ ಕೈಯಲ್ಲೂ ಮೊರವಿದೆ. ತನಗೆ ತಾನೇ ಬಾಗಿನ ಕೊಟ್ಟುಕೊಳ್ಳುವ ಶಾಸ್ತ್ರವನ್ನು ನೀವು ಬರೆದಿಟ್ಟಿಲ್ಲ.

ನಾಳೆ ಮಧುಮತಿ ಬಂದಾಗ ಪುಸ್ತಕ ಮುಚ್ಚಿ, ಸೆರಗೊಡ್ಡಿ ಆ ಮೊರ ತೆಗೆದುಕೊಳ್ಳಿ. ಇಲ್ಲಿ ನನ್ನ ಮುಂದಿರುವ ಪುಸ್ತಕದಲ್ಲಿ ಏಳನೇ ನಿಯಮದ ಪುಟ ಖಾಲಿಯಾದ ಕೂಡಲೇ ನಾನು ಎದ್ದು ಹೋಗಿ ನೋಡುತ್ತೇನೆ, ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಾಳೆಯೇ ಎಂದು.