ಸ್ನೇಹಾಳ ಪುಸ್ತಕಕ್ಕೆ ಬರೆಯಲಾಗದ ಮುನ್ನುಡಿ

ಬೆಟಗೇರಿ
೩ ಡಿಸೆಂಬರ್ ೨೦೨೫, ಬುಧವಾರ

ಪ್ರೀತಿಯ ತಂಗಿ ಸ್ನೇಹಾ,

ಹೇಗಿದ್ದೀ? ಆಸ್ಪತ್ರೆಯ ಕೆಲಸದಲ್ಲಿ ದಿನವಿಡೀ ನಿಂತು ನಿಂತು ಹಿಮ್ಮಡಿ ನೋವು ಹೆಚ್ಚಾಗಿದೆ ಎಂದು ನಿನ್ನ ಭಾವನಿಗೆ ಫೋನಿನಲ್ಲಿ ಹೇಳಿದೆಯಂತೆ. ನನಗೆ ಹೇಳಲಿಲ್ಲ. ಇರಲಿ, ಬಿಸಿನೀರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂರು. ಮಂಗಳೂರಿನ ಸೆಕೆಯಲ್ಲಿ ಯಾರಿಗೆ ಬೇಕು ಬಿಸಿನೀರು ಎನ್ನಬೇಡ. ಇಲ್ಲಿ ನಾವು ಆರಾಮ. ನಿನ್ನ ಭಾವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಏಕೆಂದರೆ ಕರ್ಚಿಕಾಯಿ ಡಬ್ಬಿಯ ಬೀಗದ ಕೈ ನನ್ನ ಹತ್ತಿರವಿದೆ. ಚರ್ಚಿಗೆ ಸುಣ್ಣ ಹೊಡೆದಾಯಿತು. ಫೋನ್ ಬಿಟ್ಟು ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನೀನು ನಗುತ್ತೀ. ನೀನು ನಕ್ಕರೆ ನನಗೆ ಹೇಳಬೇಕಾದದ್ದು ಹೇಳಲು ಬಾಯಿ ಬರುವುದಿಲ್ಲ.

ನಿನ್ನ ಪುಸ್ತಕದ ಮುನ್ನುಡಿ ಹತ್ತನೇ ತಾರೀಕಿನೊಳಗೆ ಬೇಕೆಂದು ಪ್ರಕಾಶಕರು ಮೂರು ಸಲ ಕೇಳಿದ್ದಾರೆ. ಇಂದಿನ ಕ್ರಿಸ್‌ಮಸ್ ಕಥೆಗಳ ಸಾಮಾಜಿಕ ಕಾಳಜಿ ಏನು, ಕಥೆ ಹೇಳುವ ತಂತ್ರ ಯಾವುದು, ಅದರಲ್ಲಿ ನಿನ್ನ ಕಥೆಗಳ ಜಾಗ ಎಲ್ಲಿ, ಇಷ್ಟನ್ನೂ ಆರು ಪುಟದಲ್ಲಿ ಹೇಳಬೇಕಂತೆ. "ಅಕ್ಕಾ, ನೀನ ಬರೀಬೇಕು. ನಿನ್ನಷ್ಟು ಓದಿದವರು ನಮ್ಮ ಮನ್ಯಾಗ ಯಾರದಾರ?" ಎಂದೆ ನೀನು. ಓದಿದವಳು ನಾನು, ಬರೆದವಳು ನೀನು! ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ, ಹತ್ತೊಂಬತ್ತು ಕಥೆ ಬರೆದಿದ್ದೇನೆ. ಅವುಗಳಲ್ಲಿ ಅಚ್ಚಾದದ್ದು ಒಂದೇ ಒಂದು, ಅದೂ ನಮ್ಮ ಚರ್ಚಿನ ಸ್ಮರಣ ಸಂಚಿಕೆಯಲ್ಲಿ, ಫಿನಾಯಿಲ್ ಜಾಹೀರಾತಿನ ಕೆಳಗೆ. ನೀನು ಊಟದ ಬಿಡುವಿನಲ್ಲಿ ಕೂತು ಮೊದಲ ಕಥೆ ಬರೆದೆ, ಅದಕ್ಕೆ ಮಾಸಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯ ಮೊದಲ ಬಹುಮಾನ ಬಂತು. ಚರ್ಚಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿ ನಿನಗೆ ಶುಭಾಶಯ ಹೇಳಿದರು. ನನ್ನ ಹೊಟ್ಟೆ ಉರಿಯಿತು, ಸ್ನೇಹಾ. ಮನೆಗೆ ಬಂದು ಎರಡು ಚೊಂಬು ನೀರು ಕುಡಿದೆ, ಆದರೂ ಆರಲಿಲ್ಲ.

ಆದರೂ ಮುನ್ನುಡಿಗೆ ಕೂತೆ. ಹಳೆಯ ಸಂಚಿಕೆಗಳನ್ನು ತರಿಸಿ ಮೂವತ್ತು ಕಥೆ ಓದಿದೆ, ಕೈಯಲ್ಲಿ ಕೆಂಪು ಪೆನ್ನು ಹಿಡಿದುಕೊಂಡೇ. ಒಂಬತ್ತು ಕಥೆಗಳಲ್ಲಿ ಬಡ ಮಗುವೊಂದು ಶ್ರೀಮಂತರ ಕಿಟಕಿಯಿಂದ ಕೇಕು ನೋಡುತ್ತದೆ. ಐದರಲ್ಲಿ ವೃದ್ಧಾಶ್ರಮ. ಗಂಟೆ ಬಾರಿಸಿದ ಕೂಡಲೇ ನಾಯಕನಿಗೆ ಬಾಲ್ಯ ನೆನಪಾಗುತ್ತದೆ, ನಕ್ಷತ್ರ ಕಂಡ ಕೂಡಲೇ ಮನಸ್ಸು ಬದಲಾಗುತ್ತದೆ. ಒಬ್ಬರಂತೂ ಮುಂಡರಗಿಯಲ್ಲಿ ಹಿಮ ಬೀಳಿಸಿದ್ದಾರೆ. ಬಹುಮಾನ ಬಂದ ನಿನ್ನ ಕಥೆಗೆ ಬಂದಾಗ ಕೆಂಪು ಪೆನ್ನು ಕೆಳಗಿಟ್ಟೆ. ಎಂಟು ವರ್ಷದ ಹುಡುಗಿಯ ಕಣ್ಣಿನಿಂದ ಹೇಳಿದ್ದೀ, ಅವಳಿಗೆ ಅರ್ಥವಾಗದ್ದು ಓದುವವರಿಗೆ ಅರ್ಥವಾಗುತ್ತದೆ. ದ್ವೇಷ ಎಂಬ ಮಾತೇ ಇಲ್ಲ, ಹಬ್ಬದ ತಿಂಡಿಯ ತಟ್ಟೆಯೊಂದೇ ಎಲ್ಲ ಹೇಳುತ್ತದೆ. ಅವ್ವ ಕೈಯೊರೆಸಿಕೊಳ್ಳುತ್ತಿದ್ದ ರೀತಿ ಕೂಡ ಬಂದಿದೆ. ಅದನ್ನು ನಾನೂ ದಿನಾ ನೋಡಿದ್ದೆ, ನನಗೇಕೆ ಬರೆಯಲು ಹೊಳೆಯಲಿಲ್ಲ ಎಂದು ಒಂದು ವಾರ ನನ್ನನ್ನೇ ಬೈದುಕೊಂಡೆ.

ಆದರೆ ನಿನ್ನ ಕಥೆಯ ಬೇರಿನಲ್ಲೇ ಒಂದು ತಪ್ಪಿದೆ. ಅದನ್ನು ಬಲ್ಲವಳು ನಾನೊಬ್ಬಳೇ. ಅದನ್ನು ಮುಚ್ಚಿಟ್ಟು ಹೊಗಳಿದರೆ ಸುಳ್ಳು ಬರೆದಂತೆ, ಹೇಳಿದರೆ ನೀನು ನನ್ನ ಮುಖ ನೋಡುವುದಿಲ್ಲ. ಹತ್ತು ದಿನದಿಂದ ಇದೇ ನನ್ನನ್ನು ತಿನ್ನುತ್ತಿದೆ.

ನಿನ್ನ ಕಥೆಯಲ್ಲಿ ಕ್ರಿಸ್‌ಮಸ್ ದಿನ ಅವ್ವ ಕಳಿಸಿದ ತಟ್ಟೆ ಬಳೆಗಾರ್ತಿ ನೆರೆಯಾಕೆಯ ಮನೆಯಿಂದ ಮುಚ್ಚಿದ ಬಟ್ಟೆ ಕದಲದೆ ವಾಪಸು ಬರುತ್ತದೆ. ಊರಿನ ಗಾಳಿ ಕೆಟ್ಟಿತ್ತು, ಅದು ಎರಡು ಮನೆಗಳ ನಡುವೆ ಬಂತು ಎಂದು ಓದುಗರು ತಿಳಿಯುತ್ತಾರೆ. ಬಹುಮಾನ ಕೊಟ್ಟವರೂ ಅದನ್ನೇ ಮೆಚ್ಚಿದ್ದಾರೆ. ಆ ವರ್ಷ ಪೇಪರಿನ ತುಂಬ ಗಲಭೆಯ ಸುದ್ದಿ ಇದ್ದದ್ದು ನಿಜ. ಆ ಬಳೆಗಾರ್ತಿ, ನಮ್ಮ ಓಣಿಯ ಅಮೀನಬಿ, ಮನೆಗೆ ಬರುವುದು ನಿಂತದ್ದೂ ನಿಜ. ಆದರೆ ಅಮೀನಬಿ ತಟ್ಟೆ ತಿರುಗಿಸಿ ಕಳಿಸಲಿಲ್ಲ. ತಟ್ಟೆ ಆಕೆಯ ಮನೆಗೆ ಹೋಗಲೇ ಇಲ್ಲ.

ಹಬ್ಬಕ್ಕೆ ನಾಲ್ಕು ದಿನ ಮೊದಲು ಆಕೆ ನಮ್ಮ ಪಡಸಾಲೆಯಲ್ಲಿ ಬಳೆಯ ಮಲಾರ ಬಿಚ್ಚಿ ಕೂತಿದ್ದು ನಿನಗೆ ನೆನಪಿರಲಿಕ್ಕಿಲ್ಲ, ನನಗೆ ನಿನ್ನೆಯಂತಿದೆ. ನಿನ್ನ ಕೈ ಹಿಡಿದು "ಹೂವಿನಂಥ ಕೈ ನೋಡ್ರಿ ಇದರದು" ಎಂದು ಚಮಕಿ ಬಳೆ ಕೈತುಂಬ ಏರಿಸಿದಳು, ಮೇಲೆ ನಾಲ್ಕು ಪುಕ್ಕಟೆ ಇಟ್ಟಳು. ನನ್ನ ಸರದಿ ಬಂದಾಗ ಎರಡು ಬಳೆ ಒಡೆದವು. "ನಿಂದು ಬಿರುಸು ಕೈ, ನಿನಗ ಸಾದಾ ಬಳಿನ ಸಾಕು" ಎಂದಳು. ನನಗೆ ಹದಿಮೂರು ವರ್ಷ. ಅವ್ವನೂ ನಕ್ಕಳು. ಆ ನಗುವನ್ನು ನನ್ನಿಂದ ಇನ್ನೂ ಕ್ಷಮಿಸಲಾಗಿಲ್ಲ.

ಹಬ್ಬದ ದಿನ ಆರಾಧನೆ ಮುಗಿಸಿ ಬಂದ ಮೇಲೆ ಓಣಿಗೆಲ್ಲ ತಟ್ಟೆ ಹಂಚುವ ಕೆಲಸ ನನ್ನದು. ಮೊದಲ ತಟ್ಟೆ ಯಾವಾಗಲೂ ಅಮೀನಬಿಗೆ. ಕರ್ಚಿಕಾಯಿ, ಶಂಕರಪೋಳಿ, ರವೆ ಉಂಡಿ, ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆ. ಆಕೆಯ ಬಾಗಿಲು ತೆರೆದೇ ಇತ್ತು. ನಾನು ಅದನ್ನು ದಾಟಿ ಮುಂದಿನ ತಿರುವಿನಲ್ಲಿದ್ದ ಶಾರದವ್ವನ ಮನೆಗೆ ಹೋಗಿ ತಟ್ಟೆ ಕೊಟ್ಟೆ. ಅರ್ಧ ತಾಸು ಬಿಟ್ಟು ಶಾರದವ್ವನದೇ ತಟ್ಟೆಯನ್ನೂ ಒಯ್ದೆ. ಎರಡೆರಡು ಯಾಕವ್ವ ಎಂದದ್ದಕ್ಕೆ ನಿಮ್ಮ ಮನೆಯಲ್ಲಿ ಜನ ಬಹಳ ಅಂತ ಅವ್ವ ಕಳಿಸಿದ್ದಾಳೆ ಎಂದೆ. ಹಬ್ಬದ ತಟ್ಟೆಯನ್ನು ಯಾರೂ ಖಾಲಿ ಕಳಿಸುವುದಿಲ್ಲವಲ್ಲ, ಆಕೆ ಎರಡೂ ತಟ್ಟೆಗೆ ಹಿಡಿ ಹಿಡಿ ಸಕ್ಕರೆ ಹಾಕಿ ಕೊಟ್ಟಳು. ಮನೆಗೆ ಬಂದು ಒಂದು ತಟ್ಟೆಯ ಸಕ್ಕರೆ ಅಮೀನಬಿಯದು ಎಂದೆ. ಅವ್ವ ಅದನ್ನು ಡಬ್ಬಿಗೆ ಸುರಿದಳು, ತಟ್ಟೆ ಮುಟ್ಟಿತು ಎಂದು ನಂಬಿದಳು. ಆ ಸಕ್ಕರೆ ಬರದಿದ್ದರೆ ಅವ್ವ ಅವತ್ತೇ ಹೋಗಿ ಕೇಳುತ್ತಿದ್ದಳು, ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಅತ್ತ ಅಮೀನಬಿ ಸಂಜೆಯವರೆಗೆ ಕಾದಳಂತೆ. ಓಣಿಗೆಲ್ಲ ತಟ್ಟೆ ಹೋಯಿತು, ತನಗೊಬ್ಬಳಿಗೆ ಬರಲಿಲ್ಲ. ಪೇಪರ್ ಓದಿದವರು ಆಕೆಗೆ ಕಾರಣವನ್ನೂ ಹೇಳಿಕೊಟ್ಟರು. ರಮಜಾನ್ ಹಬ್ಬಕ್ಕೆ ಆಕೆಯ ಮನೆಯಿಂದ ಪ್ರತಿವರ್ಷದ ಶಾವಿಗೆ ಪಾಯಸ, ಸುರಕುಂಬಾ, ಬರಲಿಲ್ಲ. ತಟ್ಟೆ ಇಸಿದುಕೊಂಡು ತನ್ನನ್ನು ಮರೆತಳು ಎಂದು ಅವ್ವನೂ ಬಾಯಿ ಬಿಗಿದುಕೊಂಡಳು. ಇನ್ನೊಬ್ಬಳೇ ಮೊದಲು ಮಾತಾಡಲಿ ಎಂದು ಇಬ್ಬರೂ ಕಾದರು. ನಾನು ಬಾಯಿ ಬಿಟ್ಟಿದ್ದರೆ ಎರಡು ಮಾತಿನಲ್ಲಿ ಸರಿಯಾಗುತ್ತಿತ್ತು. ಪೆಟ್ಟು ತಿನ್ನುವ ಹೆದರಿಕೆಗೆ ಮೊದಲ ವರ್ಷ ಬಿಡಲಿಲ್ಲ, ಆಮೇಲೆ ನಾಚಿಕೆಗೆ ಬಿಡಲಿಲ್ಲ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಈ ಒಂದು ಕಥೆಯನ್ನು ಬರೆಯಲಾಗದೆ ನಾನು ಬೇರೆ ಹತ್ತೊಂಬತ್ತು ಕಥೆ ಬರೆದೆ. ನೀನು ಏನೂ ತಿಳಿಯದೆ ಇದನ್ನೇ ಬರೆದು ಬಹುಮಾನ ತೆಗೆದುಕೊಂಡೆ. ನನ್ನ ಹೊಟ್ಟೆಕಿಚ್ಚಿಗೆ ನೀನು ಸಮಾಜದ ಹೆಸರು ಕೊಟ್ಟಿದ್ದೀ, ಈಗ ಅದಕ್ಕೆ ನಾನೇ ಮುನ್ನುಡಿ ಬರೆಯಬೇಕು. ನನ್ನಿಂದ ಆಗುವುದಿಲ್ಲ. ಬೇರೆ ಯಾರಿಂದಲಾದರೂ ಬರೆಸು. ಕಥೆ ತಿದ್ದುವುದು ಬಿಡುವುದು ನಿನಗೆ ಸೇರಿದ್ದು. ತಿದ್ದಿದರೆ ಅಕ್ಕನ ಹೆಸರು ಬದಲಿಸಬೇಡ.

ಚಳಿ ಇಲ್ಲದ ಊರಿನಲ್ಲಿದ್ದೀ ಎಂದು ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಬೇಡ. ಮಕ್ಕಳಿಗೆ ದೊಡ್ಡಮ್ಮನ ಮುದ್ದು. ದೇವರು ನಿನ್ನ ಕೈಗೂ ಕಾಲಿಗೂ ಬಲ ಕೊಡಲಿ.

ನಿನ್ನ ಅಕ್ಕ,
ಸೀಮಾ

ತಾಜಾ ಕಲಂ: ಪತ್ರ ಅಂಟಿಸಿ ನಾಲ್ಕು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ, ಈಗ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಭಾನುವಾರ ಚರ್ಚು ಮುಗಿಸಿ ಸೀದಾ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅಮೀನಬಿ ಅಲ್ಲಿ ಮಗ ಯಮನೂರಸಾಬನ ಮನೆಯಲ್ಲಿದ್ದಾಳೆ, ಎಂಬತ್ತು ದಾಟಿದೆ, ಕಣ್ಣು ಮಂದ. ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ನಿಮ್ಮವ್ವ ಸತ್ತಾಗ ಬಸ್ ಸ್ಟ್ಯಾಂಡಿನ ತನಕ ಬಂದು ಹೊಳ್ಳಿ ಹೋದೆನವ್ವಾ. ಕರಿಯದ ಮನಿಗೆ ಹ್ಯಾಂಗ ಬರಲಿ ಅಂತ. ಆಕಿ ಮಾರಿ ಈಗ ಎಲ್ಲಿಂದ ತಂದು ತೋರಸ್ತಿ ನೀ?" ಎಂದಳು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳುವಾಗ ಮಾತ್ರ ನನ್ನ ಕೈ ಹಿಡಿದು, "ಸಣ್ಣಾಕಿ ಆರಾಮ ಅದಾಳಿಲ್ಲೋ? ಒಮ್ಮಿ ಕರ್ಕೊಂಡು ಬಾ" ಎಂದಳು. ನಲವತ್ತಾರು ವರ್ಷದವಳು ನಾನು, ತಪ್ಪೊಪ್ಪಿಕೊಳ್ಳಲು ಹೋದವಳು, ಅಲ್ಲೇ ನಿಂತಲ್ಲೇ ಮತ್ತೆ ಹೊಟ್ಟೆ ಉರಿಯಿತು. ಈ ಕ್ರಿಸ್‌ಮಸ್ಸಿಗೆ ರಜೆ ಹಾಕಿ ಬಾ. ಆಕೆಗೆ ಬೇಕಾದವಳು ನೀನೇ. ತಟ್ಟೆಯನ್ನು ನಾನು ಹಿಡಿದುಕೊಂಡು ನಿನ್ನ ಹಿಂದೆ ಬರುತ್ತೇನೆ.