ರೆಪ್ಪೆ ಎತ್ತಲಾಗದ ಹೊತ್ತು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಆಸ್ಪತ್ರೆಯಿಂದ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಪೆನ್ನು ಹಿಡಿಯುವ ಶಕ್ತಿ ಎಂದೋ ಬಂದಿತ್ತು, ಮನಸ್ಸು ಬಂದಿರಲಿಲ್ಲ. ಹೊಲಿಗೆ ಒಣಗಿದೆ. ನಾಳಿದ್ದು ಪ್ರೆಸ್ಸಿಗೆ ಹೋಗುತ್ತೇನೆ. ನಾನಿಲ್ಲದೆ ಕರಡಿನಲ್ಲಿ ತಪ್ಪುಗಳು ಕಳೆಯ ಹಾಗೆ ಬೆಳೆದಿವೆಯಂತೆ. ಅಮ್ಮ ಇನ್ನೂ ಇಲ್ಲೇ ಇದ್ದಾಳೆ. ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುತ್ತಾಳೆ.

ಫೋನಿನಲ್ಲಿ ವಿಷಯ ತೆಗೆದರೆ "ನನಗೇನಾಗಿದೆಯೇ, ಕಲ್ಲುಗುಂಡಿನ ಹಾಗಿದ್ದೀನಿ" ಅಂತ ಬಾಯಿ ಮುಚ್ಚಿಸುತ್ತೀಯ. ಪಿತ್ತಕೋಶದಲ್ಲಿ ಕಲ್ಲಿಟ್ಟುಕೊಂಡವಳು ಆಡುವ ಮಾತೇ ಅದು? ಮುಂದಿನ ತಿಂಗಳು ನಿನ್ನ ಆಪರೇಷನ್. ಅದಕ್ಕೆ ಮುಂಚೆ ಇದನ್ನು ಪೂರ್ತಿ ಓದು.

ಅಪೆಂಡಿಕ್ಸ್ ತೆಗೆಯುವಾಗ ನನಗೆ ನಿದ್ದೆಯ ಔಷಧದ ಜೊತೆ ಇನ್ನೊಂದು ಚುಚ್ಚುಮದ್ದು ಕೊಟ್ಟರು. ಸಕ್ಸಿನೈಲ್‌ಕೋಲಿನ್ ಅಂತ ಹೆಸರು. ಗಂಟಲಿಗೆ ಉಸಿರಿನ ಕೊಳವೆ ಇಳಿಸುವಾಗ ಸ್ನಾಯುಗಳು ಸೆಟೆದುಕೊಳ್ಳದಿರಲಿ ಎಂದು ಕೊಡುವುದು. ನರದ ಅಪ್ಪಣೆ ಸ್ನಾಯುವಿಗೆ ತಲುಪುವ ಜಾಗದಲ್ಲೇ ಅದು ಹೋಗಿ ಕೂತುಬಿಡುತ್ತದೆ. ಮೈ ಒಮ್ಮೆ ಅದುರಿ, ಆಮೇಲೆ ಜೋತುಬೀಳುತ್ತದೆ. ಉಸಿರೂ ನಿಲ್ಲುತ್ತದೆ, ಯಂತ್ರ ಉಸಿರಾಡಿಸುತ್ತದೆ. ಅದನ್ನು ಒಡೆದುಹಾಕುವ ಕಿಣ್ವವೊಂದು ರಕ್ತದಲ್ಲಿ ಇರುವುದರಿಂದ ಎಲ್ಲರಿಗೂ ಐದು-ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ನನ್ನ ಕಿಣ್ವ ಹುಟ್ಟಿನಿಂದಲೇ ಸರಿಯಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಆಪರೇಷನ್ ಮುಗಿದ ಮೇಲೆ, ಏಳಲಿ ಎಂದು ನಿದ್ದೆಯ ಔಷಧ ನಿಲ್ಲಿಸಿದರು. ಎಚ್ಚರವೇನೋ ಆಯಿತು, ರೆಪ್ಪೆ ಎತ್ತಲಾಗಲಿಲ್ಲ. ಆ ಮದ್ದು ಮೈಯನ್ನು ಕಟ್ಟಿಹಾಕುತ್ತದೆಯೇ ಹೊರತು ಬುದ್ಧಿಯನ್ನಲ್ಲ, ನೋವನ್ನಲ್ಲ, ಕಿವಿಯನ್ನಲ್ಲ. "ಸಾಕಮ್ಮಾ ನಿದ್ದೆ, ಕಣ್ಣು ಬಿಡಿ" ಎಂದು ನರ್ಸ್ ಕೆನ್ನೆ ತಟ್ಟಿದಳು. "ಕೆಲವರು ಲೇಟಾಗೇ ಏಳ್ತಾರೆ ಬಿಡಿ, ಮನೇಲೂ ಹಂಗೇ ಇರ್ಬೇಕು" ಎಂದು ಇನ್ನೊಬ್ಬ ನಕ್ಕ. ಸ್ವಲ್ಪ ಹೊತ್ತು ಅಮ್ಮನನ್ನು ಒಳಗೆ ಬಿಟ್ಟರು. ಅವಳು ಹೋದ ಮೇಲೆ ಅರಿವಳಿಕೆ ವೈದ್ಯೆ ಬಂದು, ಪುಟ್ಟ ಯಂತ್ರವೊಂದರಿಂದ ಮಣಿಕಟ್ಟಿಗೆ ಕರೆಂಟು ಕೊಟ್ಟು ನೋಡಿದರು. ಹೆಬ್ಬೆರಳು ಮಿಸುಕಲಿಲ್ಲ. ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು, ಅದು ಪಕ್ಕದ ಯಂತ್ರದಲ್ಲಿ ಅವರಿಗೆ ಕಂಡಿತಂತೆ. "ಅಯ್ಯೋ, ಇವರಿಗೆ ಎಚ್ಚರ ಇದೆ! ಬೇಗ ನಿದ್ದೆ ಔಷಧಿ ಹಾಕಿ" ಅಂದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಸಂಜೆಯ ಹೊತ್ತಿಗೆ ನಾನೇ ಉಸಿರಾಡಿದೆ. ಆಮೇಲೆ ಕೆಲವು ದಿನ ಯಾರೋ ಬಡಿದು ಹಾಕಿದ ಹಾಗೆ ಮೈನೋವು.

ಇದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಇಳಿದು ಬಂದಿರುವ ದೋಷವಂತೆ. ಒಡಹುಟ್ಟಿದವರಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ರಕ್ತ ಪರೀಕ್ಷೆ, ಅಷ್ಟೇ. ದೋಷವಿದ್ದರೆ ಬೇರೆ ಔಷಧ ಕೊಡುತ್ತಾರೆ. ಯಾವುದಕ್ಕೂ ನಿನ್ನ ವೈದ್ಯರಿಗೆ ಮೊದಲೇ ಹೇಳು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಆಗ ನನಗೆ ಎಲ್ಲ ಕೇಳಿಸುತ್ತಿತ್ತೆಂದು ಅಮ್ಮನಿಗೆ ಗೊತ್ತಿಲ್ಲ. ನೀನೂ ಹೇಳಬೇಡ. ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದಳು, ಪಾಪ. "ಒಬ್ಳೇ ಮಗಳಾ ಅಮ್ಮಾ?" ಎಂದು ನರ್ಸ್ ಕೇಳಿದಳು. "ಇಬ್ರು ಕಣಮ್ಮಾ. ಪುಣ್ಯಕ್ಕೆ ಇವಳು. ದೊಡ್ಡವಳಿಗೆ ಹಿಂಗಾಗಿದ್ರೆ ನಾನು ತಡ್ಕೋತಿರ್ಲಿಲ್ಲ" ಅಂದಳು. ಕೈ ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಪರೀಕ್ಷೆ ಮಾಡಿಸಿಕೋ ಅಕ್ಕಾ. ನಿನಗೇನಾದರೂ ಆದರೆ ಅಮ್ಮ ತಡೆದುಕೊಳ್ಳುವುದಿಲ್ಲ.